62ರ ಹಟ

ಹನ್ನೆರಡರ ಹುಡುಗಿ ಸುಧಾ ಅಜ್ಜಿಗೆ ‘ಕರ್ಮವೀರ’ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದಳು. ಅದು ಲೇಖಕಿ ತ್ರಿವೇಣಿಯವರ ‘ಕಾಶಿಯಾತ್ರೆ’. ಒಮ್ಮೆ ಸುಧಾ ಮದುವೆಗೆಂದು ಬೇರೆ ಊರಿಗೆ ಹೋದಾಗ ಹೊಸ ಸಂಚಿಕೆ ಬಂತು. ಓದುಬಾರದ ಅಜ್ಜಿ ಪುಟಗಳ ಮೇಲೆ ಬರೀ ಕೈಯಾಡಿಸಿದರು. ಊರಲ್ಲಿ ಓದಬಲ್ಲವರು ಇದ್ದರು, ಕೇಳಲು ಮಾತ್ರ ಸಂಕೋಚ.

ಮೊಮ್ಮಗಳು ಮರಳಿದಾಗ 62ರ ಅಜ್ಜಿ ಅತ್ತರು. ದಸರೆಯ ಸರಸ್ವತಿ ಪೂಜೆಯೊಳಗೆ ಓದು ಕಲಿಯುವೆನೆಂದು ಹಟ ಹಿಡಿದರು. ಹುಡುಗಿ ನಕ್ಕಳು.

ಅಜ್ಜಿ ಬಿಡಲಿಲ್ಲ. ಓದಿದರು, ಬರೆದರು, ಪಾಠ ಒಪ್ಪಿಸಿದರು.

ಹಬ್ಬದ ದಿನ ಮೊಮ್ಮಗಳನ್ನು ಕೂರಿಸಿ ಕಾಲು ಮುಟ್ಟಿದರು. ಹಿರಿಯರು ಕಿರಿಯರಿಗೆ ಎರಗುವುದುಂಟೇ? ಗುರುವಿಗೆ ವಯಸ್ಸೂ ಇಲ್ಲ, ಹೆಣ್ಣು-ಗಂಡೆಂಬುದೂ ಇಲ್ಲ ಎಂಬುದು ಅಜ್ಜಿಯ ಉತ್ತರ. ಆ ಪುಟ್ಟ ಗುರುವೇ ಮುಂದೆ ಲೇಖಕಿ ಸುಧಾ ಮೂರ್ತಿಯಾದರು. ಇದನ್ನೆಲ್ಲ ಬರೆದಿಟ್ಟವರೂ ಅವರೇ.