ಟೇಪು ಅಂಟಿಸಿದ ದೀಪ



ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಅಥಣಿ, ಕಾಗವಾಡದ ಕಡೆ ಹೋದವರಿಗೆ ತುಂಬಿದ ಲಾರಿಗಳ ಸಾಲು ಹೊಸದಲ್ಲ. ಚಿತ್ರೀಕರಣಕ್ಕೆಂದು ಹೋದಾಗ ಅಂಥದೊಂದು ಲಾರಿಯಲ್ಲಿ ನಾನು ಚಾಲಕರ ಪಕ್ಕ ಕುಳಿತಿದ್ದೆ. ಎದುರಿಗಿದ್ದ ಪುಟ್ಟ ಪರದೆಯ ಮೇಲೆ ಕಪ್ಪು ಟೇಪು ಅಂಟಿಸಿತ್ತು. ಏಕೆಂದು ಕೇಳಿದೆ.

"ಗಾಳಿ ದೀಪಾರೀ ಸಾಹೇಬ್ರ. ಚಿಕ್ಕೋಡ್ಯಾಗ ಗಾಳಿ ಹೊಡಿಸಿದ್ರೂ ಆರವಲ್ದು. ಸರಿ ಮಾಡಾವ್ರೂ ಸಿಗವಲ್ರು" ಎಂದರು.

ಈ ದೀಪದ ಹಿಂದಿರುವ ಏರ್ಪಾಡು ಸರಳವಾದುದು. ಪ್ರತಿ ಚಕ್ರದಲ್ಲೂ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಗಾಳಿಯ ಒತ್ತಡವನ್ನು ಅಳೆದು ರೇಡಿಯೋ ಅಲೆಯ ಮೂಲಕ ಪರದೆಗೆ ತಿಳಿಸುತ್ತದೆ. ಗೊತ್ತುಪಡಿಸಿದ ಮಿತಿಗಿಂತ ಒತ್ತಡ ಇಳಿದರೆ ದೀಪ ಹೊತ್ತುತ್ತದೆ. ಗಾಳಿ ತುಂಬಿಸಿದ ಮೇಲೂ ಅದು ಆರದಿದ್ದರೆ ಕಾರಣ ಬೇರೆಯೇ ಇರಬಹುದು: ಮಿತಿಯನ್ನು ನಿಮ್ಮ ಟೈರಿಗೆ ತಕ್ಕಂತೆ ಹೊಂದಿಸಿರಲಿಕ್ಕಿಲ್ಲ, ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಅಥವಾ ಚಕ್ರಗಳನ್ನು ಅದಲು ಬದಲು ಮಾಡಿದ್ದು ಪರದೆಗೆ ಗೊತ್ತಿರಲಿಕ್ಕಿಲ್ಲ. ಹಾಗಾದಾಗ ಅದು ಒಂದು ಚಕ್ರವನ್ನು ತೋರಿಸುತ್ತದೆ, ಇಳಿದಿರುವುದು ಇನ್ನೊಂದು.

ಲಾರಿಯ ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದು ಇಳಿದರೆ ಹೊರಗಿನಿಂದ ಕಾಣುವುದಿಲ್ಲ. ಅದರ ಪಾಲಿನ ಭಾರವನ್ನೂ ಹೊರಗಿನದೇ ಹೊರಬೇಕಾಗುತ್ತದೆ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸಿಡಿಯುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. 30 ಡಿಗ್ರಿ ಉಷ್ಣತೆಯಲ್ಲಿ 110 ಪೌಂಡ್ ಗಾಳಿ ಇರುವ ಟೈರು ಓಡಿ 60 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 122 ಪೌಂಡಿಗೆ ಏರುತ್ತದೆ. ಆಗ "ಹೆಚ್ಚಾಯಿತು" ಎಂದು ಗಾಳಿ ಬಿಡಿಸಬೇಡಿ. ಬೆಳಿಗ್ಗೆ ಟೈರು ತಣ್ಣಗಾದಾಗ ಗಾಳಿ ಕಡಿಮೆ ಬಿದ್ದಿರುತ್ತದೆ, ದೀಪ ಮತ್ತೆ ಹೊತ್ತುತ್ತದೆ.

ಹಾಗಾದರೆ ಎಂಥ ಅಂಗಡಿಯನ್ನು ಹುಡುಕಬೇಕು? ಮೂರು ಪ್ರಶ್ನೆ ಕೇಳಿ. ಗಾಳಿ ಅಳೆಯುವ ಮೀಟರು ಸರಿಯಿದೆಯೇ? ಟೈರು ತಣ್ಣಗಿರುವಾಗ ನೋಡುತ್ತೀರಾ? ಯಾವ ಸೆನ್ಸರ್ ಯಾವ ಚಕ್ರದ್ದೆಂದು ಪರದೆಗೆ ಹೊಸದಾಗಿ ಕಲಿಸಬಲ್ಲಿರಾ? ಪರದೆ ಬಾರ್ ಲೆಕ್ಕದಲ್ಲಿದ್ದರೆ ಒಂದು ಬಾರ್ ಎಂದರೆ ಹದಿನಾಲ್ಕೂವರೆ ಪೌಂಡ್ ಎಂಬುದು ನೆನಪಿರಲಿ. ಮೂರನೆಯ ಪ್ರಶ್ನೆಗೆ ಊರಿನ ಪಂಕ್ಚರ್ ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ನಿಪ್ಪಾಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಬದಿ ವಿಚಾರಿಸಿ. ಅಲ್ಲಿಯೂ ಆಗದಿದ್ದರೆ ಒಂದು ಕಡೆ ಕೊಲ್ಲಾಪುರ, ಇನ್ನೊಂದು ಕಡೆ ಬೆಳಗಾವಿ ಇವೆ.

ನಾವು ಮಾಡಿದ್ದೂ ಅದನ್ನೇ. ಹೆದ್ದಾರಿಯ ಬದಿಯ ಒಂದು ಅಂಗಡಿಯವರು ಮೊದಲು ಯಂತ್ರ ಮುಟ್ಟಲಿಲ್ಲ. ಲಾರಿ ತಣ್ಣಗಾಗಲು ಬಿಟ್ಟು ಒಂದೊಂದೇ ಚಕ್ರವನ್ನು ಮೀಟರಿನಿಂದ ಅಳೆದರು. ಪರದೆ ಮುಂದಿನ ಚಕ್ರವನ್ನು ದೂರುತ್ತಿತ್ತು. ಇಳಿದಿದ್ದು ಹಿಂದಿನ ಎಡಬದಿಯ ಒಳಟೈರು. ಅದರ ಪಂಕ್ಚರ್ ತೆಗೆದು, ಸೆನ್ಸರುಗಳ ಜಾಗವನ್ನು ಪರದೆಗೆ ತಿಳಿಸಿದ ಮೇಲೆ ದೀಪ ಆರಿತು.

ಚಾಲಕರು ಏನೂ ಹೇಳದೆ ಟೇಪನ್ನು ಕಿತ್ತು ಕಿಟಕಿಯಿಂದ ಆಚೆ ಎಸೆದರು. ನಿಮ್ಮ ಗಾಡಿಯಲ್ಲೂ ಅಂಥ ಟೇಪು ಇದ್ದರೆ, ಮುಂದಿನ ಬಾಡಿಗೆಗೆ ಮುಂಚೆ ಕಿತ್ತು ನೋಡಿ.