ಪಟ್ಟಿಯ ಕೆಳಗೆ ಸುಡಲಿಲ್ಲ, ಯಾಕೆ?

ಅಜ್ಜಂಪುರದ ಕಡೆ ಆಗಸ್ಟ್ ಬಂತೆಂದರೆ ಈರುಳ್ಳಿ ಕೀಳುವ ಕಾಲ. ಆವತ್ತು ಹದಿನೈದನೇ ತಾರೀಖು. ಶಾಲೆಯಲ್ಲಿ ಬಾವುಟ ಹಾರಿಸಿ, ಲಾಡು ತಿಂದು ಬಂದ ಪುಟ್ಟಿ ಸಮವಸ್ತ್ರ ಕಳಚಿ, ತೋಳಿಲ್ಲದ ಹಳೇ ಫ್ರಾಕು ಹಾಕಿಕೊಂಡು ಅಜ್ಜಿಯ ಹಿಂದೆಯೇ ಹೊಲಕ್ಕೆ ಹೊರಟಳು. ಪುಟ್ಟಿ ನನ್ನ ತಂಗಿಯ ಮಗಳು, ಐದನೇ ಕ್ಲಾಸು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮೇಲೆ ತೆಳ್ಳನೆ ಮೋಡ, ಮೈಗೆ ತಣ್ಣನೆ ಗಾಳಿ. ಹನ್ನೊಂದರಿಂದ ಎರಡು ಗಂಟೆಯವರೆಗೆ ಬಗ್ಗಿದ ತಲೆ ಎತ್ತದೆ ಗಡ್ಡೆ ಕಿತ್ತಳು. ತಲೆಗೆ ಏನಾದರೂ ಹೊದಿಸಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ಬಿಸಿಲೇ ಇರಲಿಲ್ಲವಲ್ಲ!

ಸಂಜೆ ಬಚ್ಚಲಲ್ಲಿ ಮೊದಲ ಚೊಂಬು ಬಿಸಿನೀರು ಬೆನ್ನಿಗೆ ಬಿದ್ದದ್ದೇ ತಡ, "ಅಜ್ಜೀ, ಉರಿ! ಉರಿ!" ಎಂದು ಚೀರಿದಳು.

ನೋಡಿದರೆ ಕತ್ತಿನ ಹಿಂಭಾಗ, ಹೆಗಲು ಎಲ್ಲ ಕಂದಿಹೋಗಿದೆ. ಪುಟ್ಟಿಯದು ನಮ್ಮೆಲ್ಲರ ಹಾಗೆ ಕಪ್ಪು ಮೈಬಣ್ಣ. ಹಾಗಾಗಿ ಕೆಂಪು ಅಷ್ಟಾಗಿ ಕಾಣಲಿಲ್ಲ. ಆದರೆ ಅಂಗೈಯ ಹಿಂಬದಿ ತಾಗಿಸಿದರೆ ಕಾವು ಗೊತ್ತಾಗುತ್ತಿತ್ತು. ಕಪ್ಪಗಿರುವವರಿಗೆ ಬಿಸಿಲು ಸುಡುವುದಿಲ್ಲ ಅನ್ನುವುದು ಸುಳ್ಳು. ಚರ್ಮದ ಕಪ್ಪು ಬಣ್ಣ, ಅಂದರೆ ಮೆಲನಿನ್, ಒಂದು ಕೊಡೆಯಂತೆ ಕಾಯುತ್ತದೆ ನಿಜ. ಜಡಿಮಳೆಯಲ್ಲಿ ಕೊಡೆ ಹಿಡಿದವರೂ ನೆನೆಯುತ್ತಾರಲ್ಲ, ಹಾಗೆ.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಫ್ರಾಕಿನ ಪಟ್ಟಿ ಕೂತಿದ್ದ ಕಡೆ ಹೆಗಲ ಮೇಲೆ ಎರಡು ಬೆರಳಗಲದ ಗೆರೆ. ಅಲ್ಲಿ ಮಾತ್ರ ಚರ್ಮ ಮಾಮೂಲಿ ಬಣ್ಣದಲ್ಲೇ ಇತ್ತು, ಮುಟ್ಟಿದರೆ ನೋವೂ ಇಲ್ಲ.

ಮಕ್ಕಳೇ, ಸ್ವಲ್ಪ ಯೋಚಿಸಿ. ಸುಟ್ಟದ್ದು ಸೆಕೆಯಾಗಿದ್ದರೆ ಬಟ್ಟೆಯ ಕೆಳಗೂ ಸುಡಬೇಕಿತ್ತು. ಬಟ್ಟೆಯಡಿ ಇನ್ನೂ ಸೆಕೆ ಜಾಸ್ತಿ. ಅದೂ ಅಲ್ಲದೆ ಆ ದಿನ ಸೆಕೆಯೇ ಇರಲಿಲ್ಲ. ಹಾಗಾದರೆ ಬಟ್ಟೆ ಅಡ್ಡ ಬಂದಾಗ ನಿಂತುಹೋಗುವಂಥದ್ದು ಏನೋ ಸುಟ್ಟಿದೆ. ಅದು ಬೆಳಕು, ಆದರೆ ನಮ್ಮ ಕಣ್ಣಿಗೆ ಕಾಣದ ಬೆಳಕು.

ಕಾಮನಬಿಲ್ಲಿನಲ್ಲಿ ಕಟ್ಟಕಡೆಯ ಬಣ್ಣ ನೇರಳೆ ತಾನೆ? ಅದರಾಚೆ ನಮಗೆ ಏನೂ ಕಾಣುವುದಿಲ್ಲ. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ, ಬೆಳಕು ಬಿದ್ದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು ಆ ಖಾಲಿ ಜಾಗದಲ್ಲಿಟ್ಟು ನೋಡಿದ. ಬಣ್ಣ ಕಾಣುವ ಕಡೆಗಿಂತ ಅಲ್ಲೇ ಅದು ಬೇಗ ಕಪ್ಪಾಯಿತು! ಆ ಬೆಳಕಿಗೆ ಈಗ ನೇರಳಾತೀತ ಕಿರಣ ಎನ್ನುತ್ತಾರೆ. ಕಣ್ಣಿಗೆ ಕಾಣದು, ಮೈಗೆ ಬಿಸಿಯೂ ತಾಗದು. ತೆಳು ಮೋಡವಿದ್ದರೆ ಅದರಲ್ಲಿ ಬಹುಪಾಲು ನುಸುಳಿ ಕೆಳಗೆ ಬರುತ್ತದೆ. ನಾವು ಮೋಸ ಹೋದದ್ದು ಇಲ್ಲೇ.

ಅದು ಚರ್ಮದ ಜೀವಕೋಶದೊಳಗೆ ಹೊಕ್ಕು ಡಿಎನ್‌ಎ ಎಂಬ ನೂಲನ್ನು ಕೆಡಿಸುತ್ತದೆ. ಆಗ ದೇಹ ರಿಪೇರಿಗೆ ಇಳಿಯುತ್ತದೆ. ಆ ಜಾಗಕ್ಕೆ ಹೆಚ್ಚು ರಕ್ತ ಹರಿಯಲೆಂದು ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಆ ಕಾವು, ಕೆಂಪು, ಉರಿ ಎಲ್ಲ ಈ ರಿಪೇರಿ ಕೆಲಸದ್ದು. ಕೆಲಸ ಶುರುವಾಗಲು ಕೆಲವು ಗಂಟೆ ಬೇಕು. ಮಧ್ಯಾಹ್ನ ಸುಟ್ಟದ್ದು ಸಂಜೆ ಗೊತ್ತಾಯಿತು. ಉರಿ ಜೋರಾಗುವುದು ಸಾಮಾನ್ಯವಾಗಿ ಮರುದಿನ.

ಅಷ್ಟರಲ್ಲಿ ಅಜ್ಜಿ ಬೆಣ್ಣೆ ಬಟ್ಟಲು ಹಿಡಿದು ಬಂದರು.

"ಬೇಡಮ್ಮ, ಚರ್ಮ ಇನ್ನೂ ಕಾದಿದೆ. ಈಗ ಬೆಣ್ಣೆ ಬಳಿದರೆ ಕಾವು ಒಳಗೇ ಉಳಿಯುತ್ತೆ," ಎಂದೆ.

"ಹಾಗಾದ್ರೆ ಫ್ರಿಜ್ಜಿಂದ ಐಸ್ ತರ್ಲಾ ದೊಡ್ಡಮ್ಮ?" ಎಂದಳು ಪುಟ್ಟಿ ಮೂಗು ಸೋರಿಸುತ್ತಾ.

ಐಸೂ ಬೇಡ. ಗಾಯಗೊಂಡ ಚರ್ಮಕ್ಕೆ ಅಷ್ಟು ಚಳಿ ಇನ್ನೊಂದು ಪೆಟ್ಟು. ನಾವು ಮಾಡಿದ್ದು ಇಷ್ಟೇ. ಹಳೇ ಕಾಟನ್ ಪಂಚೆಯ ತುಂಡನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಹೆಗಲ ಮೇಲೆ ಹಾಸಿದೆವು. ಐದು ನಿಮಿಷದಲ್ಲಿ ಬಟ್ಟೆ ಬೆಚ್ಚಗಾಯಿತು. ಮತ್ತೆ ಅದ್ದಿ ಹಾಸಿದೆವು. ಹೀಗೆ ಹದಿನೈದು ನಿಮಿಷ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ಒರೆಸುವಾಗ ಉಜ್ಜಲಿಲ್ಲ, ಟವೆಲನ್ನು ಮೆಲ್ಲಗೆ ಒತ್ತಿದೆವು ಅಷ್ಟೆ.

ಹಿತ್ತಲಲ್ಲಿ ಲೋಳೆಸರ ಇತ್ತು. ಕತ್ತರಿಸಿದ ಎಲೆಯನ್ನು ಸ್ವಲ್ಪ ಹೊತ್ತು ತಲೆಕೆಳಗಾಗಿ ನಿಲ್ಲಿಸಿದರೆ ಹಳದಿ ರಸ ಇಳಿಯುತ್ತದೆ. ಆ ರಸ ತುರಿಕೆ ತರಬಹುದು, ತೊಳೆದು ಬಿಡಬೇಕು. ಒಳಗಿನ ತಿಳಿ ಲೋಳೆಯನ್ನು ಮೊದಲು ಮುಂಗೈಗೆ ಚೂರು ಹಚ್ಚಿ ನೋಡಿ, ಆಮೇಲೆ ಹೆಗಲಿಗೆ ಸವರಿದೆವು. "ಹಾ..." ಎಂದು ಪುಟ್ಟಿ ಕಣ್ಣು ಮುಚ್ಚಿದಳು. ಟೂತ್‌ಪೇಸ್ಟು, ನಿಂಬೆರಸ ಮಾತ್ರ ಹತ್ತಿರ ಸುಳಿಯಬಾರದು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರಿಂದಲೇ ಇನ್ನೊಂದು ಸುಟ್ಟಗಾಯ ಆದೀತು.

ಸುಟ್ಟ ಚರ್ಮದಿಂದ ನೀರು ಬೇಗ ಆರಿಹೋಗುತ್ತದೆ. ಅದಕ್ಕೇ ನೀರು, ಮಜ್ಜಿಗೆ, ಎಳನೀರು ಆಗಾಗ ಕುಡಿಸಬೇಕು. ನೋವಿಗೆ ಮಾತ್ರೆ ಬೇಕಾದರೆ ದೊಡ್ಡವರು ಡಾಕ್ಟರನ್ನು ಕೇಳಿ ಕೊಡಲಿ. ಮಕ್ಕಳಿಗೆ ಆಸ್ಪಿರಿನ್ ಕೊಡುವ ಹಾಗಿಲ್ಲ. ನೀರುಗುಳ್ಳೆ ಎದ್ದರೆ ಒಡೆಯಬೇಡಿ, ಅದು ಹೊಸ ಚರ್ಮಕ್ಕೆ ದೇಹವೇ ಹೊದಿಸಿದ ಮುಚ್ಚಳ. ಗುಳ್ಳೆ ತುಂಬ ಕಡೆ ಎದ್ದರೆ, ಜ್ವರ, ಚಳಿ, ವಾಂತಿ, ತಲೆಸುತ್ತು ಬಂದರೆ, ಕಣ್ಣು ಉರಿದರೆ, ಅಥವಾ ಸುಟ್ಟದ್ದು ಹಸುಗೂಸಿಗಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಮರುದಿನ ಪುಟ್ಟಿಗೆ ನೆರಳಲ್ಲೇ ವಾಸ. ಹನ್ನೆರಡೂವರೆಗೆ ಜಗಲಿಯಿಂದಲೇ ಒಂದು ಪ್ರಯೋಗ ನೋಡಿದಳು. ಅಂಗಳದಲ್ಲಿ ನಾನು ನೀರಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದೆ. ಮೋಡ ಸರಿದಾಗ ಬಾಟಲಿಗೆ ನೆರಳೇ ಇಲ್ಲ! ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ 26ರ ಆಸುಪಾಸು ಒಮ್ಮೆ, ಆಗಸ್ಟ್ 16ರ ಆಸುಪಾಸು ಇನ್ನೊಮ್ಮೆ. ಏಪ್ರಿಲ್ಲಿನಲ್ಲಿ ಸೆಕೆಗೆ ಹೆದರಿ ನಾವೇ ಹೊಂಗೆ ಮರದಡಿ ಸೇರುತ್ತೇವೆ. ಆಗಸ್ಟಿನಲ್ಲಿ ಅದೇ ಸೂರ್ಯ ಮೋಡದ ಮರೆಯಲ್ಲಿರುತ್ತಾನೆ, ನಮಗೆ ಮರೆತಿರುತ್ತದೆ.

ಸೆಕೆಯನ್ನು ನಂಬಬೇಡಿ, ನೆರಳನ್ನು ನಂಬಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಕಾಣದ ಬೆಳಕು ಚುರುಕಾಗಿದೆ ಎಂದರ್ಥ. ಕೆಮ್ಮಣ್ಣುಗುಂಡಿಯಂಥ ತಂಪು ಬೆಟ್ಟದಲ್ಲಿ ಅದು ಇನ್ನೂ ಚುರುಕು. ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಆನೆಗಳು ಮೈಮೇಲೆ ಮಣ್ಣು ಎರಚಿಕೊಳ್ಳುವುದು ಆಟಕ್ಕಷ್ಟೇ ಅಲ್ಲ, ಬಿಸಿಲಿಗೂ ಹುಳಗಳಿಗೂ ಅದು ಅಡ್ಡ. ನಮಗೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಇವೆ.

ನಾಲ್ಕೈದು ದಿನಕ್ಕೆ ಪುಟ್ಟಿಯ ಹೆಗಲಲ್ಲಿ ಪದರ ಏಳತೊಡಗಿತು. "ನೋಡು ದೊಡ್ಡಮ್ಮ, ಈರುಳ್ಳಿ ಸಿಪ್ಪೆ ಥರ!" ಕೆಟ್ಟ ಕೋಶಗಳು ಉದುರಿ ಹೊಸವು ಬರುತ್ತಿದ್ದವು. ಕೀಳಬೇಡ, ತಾನಾಗೇ ಬೀಳಲಿ ಎಂದೆ.

ಆ ಸಂಜೆ ಹೊಲಕ್ಕೆ ಹೋದಾಗ ಅಜ್ಜಿ ಕಿತ್ತ ಈರುಳ್ಳಿಯನ್ನು ಸಾಲಾಗಿ ಹರವುತ್ತಿದ್ದರು. ಒಂದು ಸಾಲಿನ ಸೊಪ್ಪು ಪಕ್ಕದ ಸಾಲಿನ ಗಡ್ಡೆಯ ಮೇಲೆ ಬರುವ ಹಾಗೆ. ಯಾಕಜ್ಜಿ ಎಂದು ಪುಟ್ಟಿ ಕೇಳಿದಳು.

"ಬಿಸಿಲಿಗೆ ಗಡ್ಡೆ ಬೆಂದು ಮೆತ್ತಗಾಗುತ್ತೆ ಮಗಾ, ಅದಕ್ಕೆ."

ಪುಟ್ಟಿ ಸೊಂಟದ ಮೇಲೆ ಕೈಯಿಟ್ಟಳು. "ಈರುಳ್ಳಿಗೆಲ್ಲ ಟೋಪಿ ಹಾಕ್ತೀಯ. ನನಗ್ಯಾಕೆ ಹಾಕ್ಲಿಲ್ಲ?"

ಅಜ್ಜಿ ತಮ್ಮ ತಲೆಯ ಟವೆಲು ಬಿಚ್ಚಿ ಅವಳ ತಲೆಗೆ ಸುತ್ತಿದರು.