ಎಐಎಕ್ಸ್ ಯಂತ್ರಕ್ಕೆ ಹೊಸ ಮುಕ್ತ ತಂತ್ರಾಂಶ ತರುವ ಬಗೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಕಾರಕೂನರು. ಕಚೇರಿಯಲ್ಲಿ ಒಬ್ಬನು ಕಂಪ್ಯೂಟರು ತುಸು ಬಲ್ಲವನೆಂದು ಹೆಸರಾದರೆ ಸಾಕು, ಒಳಕೋಣೆಯ ದೊಡ್ಡ ಸರ್ವರಿನ ಮೇಲ್ವಿಚಾರಣೆಯೂ ಅವನ ಕೊರಳಿಗೇ ಬೀಳುತ್ತದೆ. ಪಗಾರ ಮಾತ್ರ ಹಿಂದಿನದೇ. ಅಂಥವರ ಉಪಯೋಗಕ್ಕಾಗಿ ಈ ನಾಲ್ಕು ಮಾತು. ಉಳಿದವರೂ ಕೇಳಬೇಕು. ಬ್ಯಾಂಕು, ವಿಮೆ ಮುಂತಾದ ಕಡೆಗಳಲ್ಲಿ ನಮ್ಮಂಥವರ ದುಡ್ಡಿನ ಲೆಕ್ಕ ಇಂಥ ಯಂತ್ರಗಳಲ್ಲಿ ಇರುವುದುಂಟು.

ಯುನಿಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಹಲವು ಕಂಪನಿಗಳು ಅದನ್ನು ತಮ್ಮ ತಮ್ಮ ಹೆಸರಿನಲ್ಲಿ ಮಾರಿದವು. ಐಬಿಎಂ ಕಂಪನಿಯದು ಎಐಎಕ್ಸ್. ೧೯೮೬ರಲ್ಲಿ ಹೊರಬಂದ ಇದು ಇಂದಿಗೂ ಆ ಕಂಪನಿಯ ಪವರ್ ಸರ್ವರುಗಳ ಮೇಲೆ ನಡೆಯುತ್ತಿದೆ. ಹಣ ಕೊಟ್ಟು ಕೊಂಡದ್ದಾದುದರಿಂದ ಕರಾರಿನ ಪ್ರಕಾರ ಅದರ ದುರಸ್ತಿಯನ್ನು ಕಂಪನಿಯೇ ಕಳಿಸುತ್ತದೆ. ಆದರೆ ಕೆಲಸಕ್ಕೆ ಕುಳಿತವನಿಗೆ ಅಷ್ಟೇ ಸಾಲದು. ಗಿಟ್ ಬೇಕು, ಆರ್‌ಸಿಂಕ್ ಬೇಕು, ಗ್ನೂ ಟಾರ್ ಬೇಕು. ಇವು ಮುಕ್ತ ತಂತ್ರಾಂಶಗಳು; ಯಾರು ಬೇಕಾದರೂ ಇವುಗಳ ಮೂಲವನ್ನು ನೋಡಬಹುದು, ತಿದ್ದಬಹುದು. ೨೦೦೧ರಲ್ಲಿ ಎಐಎಕ್ಸ್ ೫ಎಲ್ ಬಂದಂದಿನಿಂದ ಐಬಿಎಂ ಇಂಥವನ್ನು ತನ್ನ ಯಂತ್ರಕ್ಕೆ ಒಗ್ಗುವಂತೆ ಕಟ್ಟಿ, ಟೂಲ್‌ಬಾಕ್ಸ್ ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ಕೊಡುತ್ತಿದೆ.

ಪುಕ್ಕಟೆ ಎಂಬಲ್ಲೇ ತೊಡಕು. ಮಗ್ಗ ಕೊಟ್ಟ ಕಂಪನಿ ಮಗ್ಗಕ್ಕೆ ಜವಾಬುದಾರ. ನಾವು ಹೊರಗಿನಿಂದ ತಂದು ಹಾಕಿದ ಲಾಳಿಗೆ ಅಲ್ಲ. ಟೂಲ್‌ಬಾಕ್ಸಿನ ಸರಕು ‘ಇದ್ದಂತೆ’ ಕೊಡುವ ಸರಕು. ಒಮ್ಮೆ ಹಾಕಿದ ಮೇಲೆ ಅದನ್ನು ಹೊಸದಾಗಿ ಇಡುವ ಹೊಣೆ ಹಾಕಿದವನದೇ.

೨೦೧೪ರ ಸೆಪ್ಟೆಂಬರ್ ೨೪ರಂದು ಇದರ ಬೆಲೆ ತಿಳಿಯಿತು. ಬ್ಯಾಷ್ ಎಂಬ ಆಜ್ಞಾ ತಂತ್ರಾಂಶದಲ್ಲಿ, ಪರರು ದೂರದಿಂದಲೇ ಯಂತ್ರದೊಳಗೆ ತಮ್ಮ ಆಜ್ಞೆ ನಡೆಸಬಹುದಾದ ದೋಷವೊಂದು ಬಯಲಾಯಿತು. ಅದಕ್ಕೆ ಶೆಲ್‌ಶಾಕ್ ಎಂದು ಹೆಸರಿಟ್ಟರು. ೧೯೮೯ರಿಂದಲೂ ಅದು ಅಲ್ಲಿಯೇ ಅಡಗಿ ಕುಳಿತಿತ್ತು! ಮೊದಲ ದುರಸ್ತಿ ಸಾಲದೆ, ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ದುರಸ್ತಿ ಬಂದವು. ಆಗ ಎಐಎಕ್ಸಿನ ಸ್ವಂತ ಶೆಲ್ ಕಾರ್ನ್ ಶೆಲ್. ಬ್ಯಾಷ್ ಟೂಲ್‌ಬಾಕ್ಸಿನಿಂದ ಬರುತ್ತಿತ್ತು. ಅದನ್ನು ತರದವರು ನೆಮ್ಮದಿಯಾಗಿದ್ದರು. ಎಂದೋ ತಂದು ಮರೆತವರ ಯಂತ್ರ ಮಾತ್ರ ಬಾಗಿಲು ತೆರೆದ ಮನೆಯಾಗಿತ್ತು.

ಮರೆಯುವುದು ಸುಲಭ, ಏಕೆಂದರೆ ಈ ಯಂತ್ರದಲ್ಲಿ ಕೀರ್ದಿಗಳು ಎರಡು. ಕಂಪನಿಯ ಸರಕಿನದು ಒಂದು. ಅದನ್ನು ಎಲ್‌ಎಸ್‌ಎಲ್‌ಪಿಪಿ ಎಂಬ ಆಜ್ಞೆಯಿಂದ ನೋಡಬೇಕು. ಟೂಲ್‌ಬಾಕ್ಸಿನ ಸರಕಿನದು ಇನ್ನೊಂದು. ಅದಕ್ಕೆ ಆರ್‌ಪಿಎಂ ಆಜ್ಞೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಾನಾಗಿ ಗೊತ್ತಾಗದು. ಓಪನ್ ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ತಂತ್ರಾಂಶವನ್ನೇ ನೋಡಿರಿ. ಅದು ಕಂಪನಿಯ ಕೀರ್ದಿಗೆ ಸೇರಿದ್ದು, ಅದನ್ನು ನೆಚ್ಚಿದ ತಂತ್ರಾಂಶಗಳು ಆರ್‌ಪಿಎಂ ಕೀರ್ದಿಯಲ್ಲಿರುವವು. ಕಂಪನಿಯ ಸರಕು ಬದಲಾದಾಗ ಅಪ್ಡೇಟ್ ವಿಪಿಕೆಜಿ ಎಂಬ ಆಜ್ಞೆ ಕೊಟ್ಟು ಎರಡನ್ನೂ ತಾಳೆ ಹಾಕಬೇಕು. ಲೆಕ್ಕ ಬರೆಯುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೂಲವನ್ನು ತಾವೇ ತಂದು ಕಟ್ಟಿಕೊಳ್ಳುವವರೂ ಇದ್ದಾರೆ. ಅವರ ಜಾಣತನ ಒಪ್ಪತಕ್ಕದ್ದೇ, ಆದರೆ ಆ ಸರಕು ಯಾವ ಕೀರ್ದಿಯಲ್ಲೂ ದಾಖಲಾಗದು. ಕಟ್ಟಿದವನು ಕೆಲಸ ಬಿಟ್ಟುಹೋದ ಮೇಲೆ ಅದು ಅಲ್ಲಿದೆಯೆಂಬುದೇ ಯಾರಿಗೂ ತಿಳಿಯದು.

ಹಿಂದೆ ಒಂದು ಪೊಟ್ಟಣ ತಂದರೆ ಅದು ಇನ್ನೆರಡನ್ನು ಬೇಡುತ್ತಿತ್ತು; ಆ ಎರಡು ಮತ್ತೆ ನಾಲ್ಕನ್ನು. ಆಮೇಲೆ ಯಮ್ ಎಂಬ ಸಾಧನ ಬಂದು ಈ ಬೇಡಿಕೆಗಳನ್ನೆಲ್ಲ ತಾನೇ ಪೂರೈಸತೊಡಗಿತು. ಅದು ನಿಂತಿದ್ದುದು ಪೈಥಾನಿನ ಎರಡನೆಯ ಆವೃತ್ತಿಯ ಮೇಲೆ. ಆ ಆವೃತ್ತಿಯ ಪೋಷಣೆ ೨೦೨೦ರ ಆರಂಭಕ್ಕೆ ಮುಗಿದುದರಿಂದ ಈಗ ಅದರ ಜಾಗದಲ್ಲಿ ಡಿಎನ್‌ಎಫ್ ಇದೆ. ಇನ್ನೂ ಯಮ್ ಇಟ್ಟುಕೊಂಡವರು ಬದಲಾಯಿಸತಕ್ಕದ್ದು. ಲೆಕ್ಕದ ಸರ್ವರನ್ನು ಇಂಟರ್ನೆಟ್ಟಿಗೆ ಜೋಡಿಸಬೇಕಾಗಿಲ್ಲ, ಜೋಡಿಸಲೂ ಬಾರದು. ಬೇರೊಂದು ಯಂತ್ರದಲ್ಲಿ ಪೊಟ್ಟಣಗಳನ್ನು ಇಳಿಸಿ, ಕ್ರಿಯೇಟ್‌ರೆಪೊ ಆಜ್ಞೆಯಿಂದ ಅವುಗಳ ಸೂಚಿ ಮಾಡಿ, ಒಳಗಿನ ಯಂತ್ರಗಳು ಅಲ್ಲಿಂದಲೇ ಪಡೆಯುವಂತೆ ಮಾಡಬಹುದು.

ಹೊಸದು ಹಾಕುವ ಮುನ್ನ ಎಂಕೆಸಿಸ್‌ಬಿ ಆಜ್ಞೆಯಿಂದ ಮೂಲವ್ಯವಸ್ಥೆಯ ಪೂರ್ಣ ನಕಲು ತೆಗೆದಿಡಿರಿ. ಆಪ್ಟ್ ವಿಭಾಗದಲ್ಲಿ ಜಾಗವಿದೆಯೇ ನೋಡಿರಿ. ಈ ಸರಕೆಲ್ಲ ಹೋಗಿ ಕೂರುವುದು ಅಲ್ಲಿಯೇ. ಹುಡುಕುವ ಹಾದಿಯಲ್ಲಿ ಕಂಪನಿಯ ಡೈರೆಕ್ಟರಿಯೇ ಮೊದಲು ಬರಲಿ, ಟೂಲ್‌ಬಾಕ್ಸಿನದು ಆಮೇಲೆ. ಕ್ರಮ ಉಲ್ಟಾ ಆದರೆ ಟಾರ್ ಎಂದು ಕರೆದಾಗ ಎಐಎಕ್ಸಿನ ಟಾರ್ ಬದಲು ಗ್ನೂ ಟಾರ್ ಓಡಿಬರುತ್ತದೆ. ಎರಡರ ರೀತಿ ಒಂದೇ ಅಲ್ಲ. ತಿಂಗಳ ಕೊನೆಯ ರಾತ್ರಿ ಪಗಾರದ ಲೆಕ್ಕ ಅರ್ಧಕ್ಕೆ ನಿಂತೀತು. ಲಿಬ್‌ಪಾತ್ ಎಂಬ ಗುರುತನ್ನು ಇಡೀ ಯಂತ್ರಕ್ಕೆ ಅನ್ವಯಿಸುವಂತೆ ಬದಲಿಸುವುದು ಇದಕ್ಕಿಂತ ಕೆಟ್ಟದ್ದು. ಒಂದೇ ಹೆಸರಿನ ಗ್ರಂಥಾಗಾರ ಕಡತಗಳು ಎರಡೂ ಕಡೆ ಇರುವುದರಿಂದ ಕಂಪನಿಯ ಆಜ್ಞೆಗಳೇ ಕೈಕೊಡುತ್ತವೆ. ಇದೇ ಕಾರಣಕ್ಕೆ ಹಲವು ಅಂಗಡಿಗಳ ಪೊಟ್ಟಣಗಳನ್ನು ಬೆರಸಲೂ ಬಾರದು.

ಹೊಸದೆಲ್ಲ ಒಳ್ಳೆಯದೆಂದೂ ತಿಳಿಯಬೇಡಿರಿ. ೨೦೨೪ರ ಮಾರ್ಚ್ ೨೯ರಂದು ಎಕ್ಸ್‌ಝಡ್ ಎಂಬ ತಂತ್ರಾಂಶದ ತೀರ ಹೊಸ ಎರಡು ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದುದು ಪತ್ತೆಯಾಯಿತು. ಅದರ ಗುರಿ ಲಿನಕ್ಸ್ ಯಂತ್ರಗಳು, ಎಐಎಕ್ಸ್ ಅಲ್ಲ. ಆದರೂ ಪರೀಕ್ಷೆಯ ಯಂತ್ರವೊಂದರಲ್ಲಿ ಕೆಲವು ದಿನ ಓಡಿಸಿ ನೋಡದೆ ಮುಖ್ಯ ಯಂತ್ರಕ್ಕೆ ಏನನ್ನೂ ಹಾಕಬಾರದೆಂಬುದು ನಮ್ಮ ಅಭಿಪ್ರಾಯ. ಭದ್ರತೆಯ ದುರಸ್ತಿಯಾದರೆ ತಡಮಾಡಬೇಡಿರಿ. ಬರೀ ಹೊಸ ಸೊಗಸಾದರೆ ಕಾಯಬಹುದು.

ಹಳೆಯ ಎಐಎಕ್ಸ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ೭.೧ನೆಯ ಆವೃತ್ತಿಯ ಸಾಮಾನ್ಯ ಪೋಷಣೆ ೨೦೨೩ರ ಏಪ್ರಿಲಿಗೇ ಮುಗಿದಿದೆ. ಅಡಿಪಾಯಕ್ಕೇ ದುರಸ್ತಿ ಬಾರದಿರುವಾಗ ಮೇಲಿನ ತಂತ್ರಾಂಶ ಎಷ್ಟು ಹೊಸದಾದರೇನು? ಇದನ್ನು ಸಾಹೇಬರಿಗೆ ಬಾಯಲ್ಲಿ ಹೇಳಿ ಬಿಡದೆ ಬರೆದು ಕೊಟ್ಟು, ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿರಿ.

ನಾಳೆ ಕಚೇರಿಗೆ ಹೋದವರು ಎರಡೂ ಕೀರ್ದಿಗಳ ಪಟ್ಟಿ ತೆಗೆದು ನೋಡಿರಿ. ಸಂದೇಹವಿದ್ದರೆ ಭಾನುವಾರ ಇಲ್ಲಿಯೇ ಕುಳಿತು ಮಾತಾಡೋಣ. ಪಟ್ಟಿಯನ್ನು ಮಾತ್ರ ವಾಚನಾಲಯಕ್ಕೆ ತರಬೇಡಿರಿ. ಯಾವ ಯಂತ್ರದಲ್ಲಿ ಯಾವ ಹಳೆಯ ಸರಕಿದೆ ಎಂಬುದು ಹೊರಗಿನವರು ಓದತಕ್ಕ ಸಂಗತಿಯಲ್ಲ.